ಸರಣಿ ಶ್ರೇಷ್ಠ ಅವರಿಗೆ, ಕಪ್ ನಮಗೆ

2025ರ ಜನವರಿಯಲ್ಲಿ ದೇಶದ ಕ್ರೀಡಾ ಪುಟಗಳ ತುಂಬ ಒಬ್ಬರದೇ ಮುಖ: ಕರುಣ್ ನಾಯರ್. ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ನಾಯಕ ಏಳು ಇನಿಂಗ್ಸ್‌ಗಳಲ್ಲಿ 752 ರನ್ ಪೇರಿಸಿದ್ದರು. ಐದು ಶತಕ. ಔಟಾದದ್ದು ಒಂದೇ ಸಲವಾದ್ದರಿಂದ ಸರಾಸರಿಯೂ 752! ತವರು ತಂಡ ಬಿಟ್ಟು ಹೋದ ಕನ್ನಡಿಗ ಫೈನಲ್‌ನಲ್ಲಿ ಅದೇ ತಂಡದ ಎದುರು ನಿಲ್ಲುತ್ತಾನೆ ಎಂದರೆ, ಕಥೆಗೆ ಇನ್ನೇನು ಬೇಕು?

ಜನವರಿ 18ರಂದು ವಡೋದರದಲ್ಲಿ ನಡೆದದ್ದೇ ಬೇರೆ. ಮೊದಲು ಬ್ಯಾಟ್ ಹಿಡಿದ ಕರ್ನಾಟಕದ ಮೂರು ವಿಕೆಟ್ 70 ರನ್ ದಾಟುವುದರೊಳಗೆ ಬಿದ್ದವು. ಕ್ವಾರ್ಟರ್ ಫೈನಲ್‌ನಲ್ಲಿ ಶತಕ, ಸೆಮಿಫೈನಲ್‌ನಲ್ಲಿ 86 ಹೊಡೆದಿದ್ದ ದೇವದತ್ತ ಪಡಿಕ್ಕಲ್ ಅಂದು ಎಂಟಕ್ಕೇ ಮರಳಿದರು. ಟೂರ್ನಿಯುದ್ದಕ್ಕೂ ರನ್ ಗುಡ್ಡೆ ಹಾಕಿದ್ದ ನಾಯಕ ಮಯಂಕ್ ಅಗರವಾಲ್ 32ಕ್ಕೆ ನಿಂತರು. ಆಮೇಲೆ ಆಡಿದವರು ಹೊರಗಿನವರಿಗೆ ಹೆಸರೂ ಸರಿಯಾಗಿ ಗೊತ್ತಿರದ ಹುಡುಗರು: ಆರ್. ಸ್ಮರಣ್ 101, ಕೆ.ಎಲ್. ಶ್ರೀಜಿತ್ 78, ಕೊನೆಯಲ್ಲಿ ಅಭಿನವ್ ಮನೋಹರ್ 42 ಎಸೆತಗಳಲ್ಲಿ 79. ಮೊತ್ತ 348. ಕರುಣ್ 27ಕ್ಕೆ ಪ್ರಸಿದ್ಧ ಕೃಷ್ಣಗೆ ಬೌಲ್ಡ್. ಧ್ರುವ ಶೋರೆ ಶತಕ ಬಾರಿಸಿ ಹೋರಾಡಿದರೂ ವಿದರ್ಭ 36 ರನ್‌ಗಳಿಂದ ಸೋತಿತು. ಪ್ರಸಿದ್ಧ, ವಾಸುಕಿ ಕೌಶಿಕ್, ಅಭಿಲಾಷ್ ಶೆಟ್ಟಿ ತಲಾ ಮೂರು ವಿಕೆಟ್ ಹಂಚಿಕೊಂಡರು.

ಸರಣಿ ಶ್ರೇಷ್ಠ ಪ್ರಶಸ್ತಿ ಕರುಣ್‌ಗೇ ಹೋಯಿತು, ಹೋಗಬೇಕಾದದ್ದೇ. ಆದರೆ ಕರ್ನಾಟಕ ಈ ಟ್ರೋಫಿಯ ಫೈನಲ್‌ಗೆ ಬಂದದ್ದು ಐದು ಸಲ, ಗೆದ್ದದ್ದೂ ಐದು ಸಲ. ಈ ಲೆಕ್ಕ ಎಷ್ಟು ಜನರ ಬಾಯಲ್ಲಿದೆ? ಕರುಣ್ ಅವರದೇ ದೊಡ್ಡ ದಿನವನ್ನು ನೋಡಿ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಅವರು ಹೊಡೆದ 328 ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಕೆ.ಎಲ್. ರಾಹುಲ್ 188 ಮಾಡಿದ್ದು, ನಾಯಕ ವಿನಯ್ ಕುಮಾರ್ ಐದು ವಿಕೆಟ್ ಕಿತ್ತು ಔಟಾಗದೆ 105 ಹೊಡೆದದ್ದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ.

ವಡೋದರದ ಗೆಲುವಿನಲ್ಲಿ ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಇನ್ನೊಂದು ಸಂಗತಿಯಿದೆ. ತಂಡದ ಕೋಚ್ ಯರೇಗೌಡ ಹುಟ್ಟಿದ್ದು ರಾಯಚೂರಿನಲ್ಲಿ. ಆಟಗಾರನಾಗಿ ಬಹುಕಾಲ ರೈಲ್ವೇಸ್ ಪರ ಮಧ್ಯಮ ಕ್ರಮಾಂಕದಲ್ಲಿ ಗಂಟೆಗಟ್ಟಲೆ ನಿಂತು ಆಡಿದವರು. ಭಾರತ ತಂಡದ ಕರೆ ಬರಲೇ ಇಲ್ಲ. ಮುರಳಿ ಕಾರ್ತಿಕ್, ಸಂಜಯ್ ಬಂಗಾರ್ ಬಿಟ್ಟರೆ ದೊಡ್ಡ ಹೆಸರುಗಳೇ ಕಡಿಮೆಯಿದ್ದ ಆ ರೈಲ್ವೇಸ್ 2001–02ರಲ್ಲಿ ಬರೋಡಾವನ್ನು, 2004–05ರಲ್ಲಿ ಪಂಜಾಬನ್ನು ಮಣಿಸಿ ರಣಜಿ ಗೆದ್ದಿತು. ಅಂಥ ತಂಡದಲ್ಲಿ ಪಳಗಿದವರು ಇಂಥ ತಂಡ ಕಟ್ಟಿದ್ದರಲ್ಲಿ ನಮಗಂತೂ ಆಶ್ಚರ್ಯ ಕಾಣುವುದಿಲ್ಲ.

ಇತ್ತ ರಾಯಚೂರು, ದೇವದುರ್ಗ, ಮಾನ್ವಿಯ ಟೆನಿಸ್ ಬಾಲ್ ಟೂರ್ನಿಗಳನ್ನೇ ತೆಗೆದುಕೊಳ್ಳಿ. ಫ್ಲೆಕ್ಸ್‌ನ ಮುಕ್ಕಾಲು ಭಾಗ ಮುಖಂಡರಿಗೆ, ಉಳಿದದ್ದು ಸಿಕ್ಸರ್ ಹೊಡೆಯುವವನಿಗೆ. ಬಿಸಿಲಲ್ಲಿ ಬೌಂಡರಿ ಗೆರೆಯಲ್ಲಿ ಓಡಿ ಎರಡು ರನ್ ಉಳಿಸಿದ ಹುಡುಗನಿಗೆ ಒಂದು ಚಪ್ಪಾಳೆಯೂ ಸಿಗುವುದಿಲ್ಲ. (ಮುಖಂಡರ ಫೋಟೊ ತೆಗೆಯಿರಿ ಎನ್ನುವಷ್ಟು ಧೈರ್ಯ ನಮಗೂ ಇಲ್ಲ.) ಫೀಲ್ಡಿಂಗ್‌ಗೆ ಒಂದು ಬಹುಮಾನ ಇಟ್ಟರೆ ಸಂಘಟಕರಿಗೆ ದೊಡ್ಡ ಖರ್ಚೇನೂ ಬೀಳದು. ಇನ್ನು ನಮ್ಮ ಪತ್ರಿಕೆಗೆ ಪಂದ್ಯದ ವರದಿ ಕಳಿಸುವವರು ಪಂದ್ಯಪುರುಷನ ಫೋಟೊ ಒಂದನ್ನೇ ಕಳಿಸಬೇಡಿ. ಗೆದ್ದ ತಂಡದ ಹನ್ನೊಂದೂ ಹೆಸರು ಬರೆದು ಕಳಿಸಿ, ಹನ್ನೊಂದನ್ನೂ ಅಚ್ಚು ಹಾಕುತ್ತೇವೆ.