ನಗುವ ವಯಸ್ಸು, ನಗುವ ಭಾಷೆ

ಮನುಷ್ಯನು ಆಯುಷ್ಯದುದ್ದಕ್ಕೂ ಒಂದೇ ಸಮನೆ ನಗುವುದಿಲ್ಲ. ಹಸುಳೆ ಮೂರು ನಾಲ್ಕು ತಿಂಗಳಿಗೇ ಧ್ವನಿ ತೆಗೆದು ನಗತೊಡಗುತ್ತದೆ. ಹದಿನಾರರಿಂದ ಇಪ್ಪತ್ತೆರಡರ ಪ್ರಾಯದವರು ಕಾರಣವಿದ್ದರೆ ನಗುತ್ತಾರೆ, ಇಲ್ಲದಿದ್ದರೆ ಇನ್ನಷ್ಟು ನಗುತ್ತಾರೆ. ಮೊಮ್ಮಕ್ಕಳನ್ನು ಕಂಡ ಅಜ್ಜ ಅಜ್ಜಿಯರು ಬೊಚ್ಚುಬಾಯಿ ತೆರೆದು ನಗುತ್ತಾರೆ. ನಡುವಣ ಮೂವತ್ತು ವರುಷಗಳು ಮಾತ್ರ ಜತ್ತ ಸೀಮೆಯ ಬೇಸಿಗೆಯ ಹಳ್ಳದಂತೆ ಒಣಗಿರುತ್ತವೆ. ಹೀಗೇಕೆ? ಕನ್ನಡವನ್ನು ಐಚ್ಛಿಕವಾಗಿ ಆಯ್ದುಕೊಂಡ ನಿಮಗೂ ಈ ಪ್ರಶ್ನೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಕಟ ಸಂಬಂಧವಿದೆ ಎಂಬುದೇ ಈ ಬರಹದ ವಾದ.

ಕಾವ್ಯಮೀಮಾಂಸೆಯ ತರಗತಿಯಲ್ಲಿ ನೀವು ಭರತನು ಹೇಳಿದ ಆರು ಬಗೆಯ ಹಾಸ್ಯವನ್ನು ಓದಿದ್ದೀರಿ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲಿನೆರಡು ಉತ್ತಮ ಪ್ರಕೃತಿಯವರಿಗೆ, ನಡುವಿನೆರಡು ಮಧ್ಯಮರಿಗೆ, ಕಡೆಯೆರಡು ಅಧಮರಿಗೆ ಎಂದು ನಾಟ್ಯಶಾಸ್ತ್ರವು ಹಂಚಿಕೊಡುತ್ತದೆ. ಸ್ಮಿತದಲ್ಲಿ ಹಲ್ಲು ಕಾಣಿಸದು. ಅತಿಹಸಿತದಲ್ಲಿ ಕಣ್ಣೀರು ಉಕ್ಕುತ್ತದೆ, ಸ್ವರವೇರುತ್ತದೆ, ಕೈಗಳು ಪಕ್ಕೆಗಳನ್ನು ಹಿಡಿದುಕೊಳ್ಳುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಭರತನು ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ಪಾತ್ರಗಳಿಗೆ ಹಂಚಿದ ಈ ಆರು ನಗೆಗಳನ್ನು ಒಬ್ಬನೇ ಮನುಷ್ಯನು ತನ್ನ ಒಂದು ಜನ್ಮದಲ್ಲಿ ನಕ್ಕು ಮುಗಿಸುತ್ತಾನೆ ಎಂಬುದನ್ನು ಗಮನಿಸಿ. ಐದು ವರ್ಷದ ಹುಡುಗನದು ಅತಿಹಸಿತ. ನೌಕರಿ, ಮನೆತನ, ಮರ್ಯಾದೆಗಳು ಒಂದೊಂದಾಗಿ ಬಂದಂತೆ ಅವನು ಮೆಟ್ಟಿಲು ಮೆಟ್ಟಿಲಾಗಿ ಸ್ಮಿತದ ಕಡೆಗೆ ಸಾಗುತ್ತಾನೆ. ಅದು ಏರಿಕೆಯೋ ಇಳಿಕೆಯೋ ನೀವೇ ನಿರ್ಧರಿಸಿರಿ.

ನಗು ಹುಟ್ಟಲು ನಗೆಮಾತು ಬೇಕು ಎಂಬುದು ರೂಢಿಯ ನಂಬಿಕೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಅದನ್ನು ಪರೀಕ್ಷಿಸಲು ಹೊರಟರು. ಅವರೂ ಅವರ ವಿದ್ಯಾರ್ಥಿಗಳೂ ಜನರ ಸಹಜ ಮಾತುಕತೆಗೆ ಕಿವಿಗೊಟ್ಟು ಸುಮಾರು 1200 ನಗೆಗಳನ್ನು ದಾಖಲಿಸಿದರು. ತಮಾಷೆಯೆನ್ನಬಹುದಾದ ಮಾತಿನ ಬೆನ್ನಿಗೆ ಬಂದ ನಗು ಅವುಗಳಲ್ಲಿ ನೂರಕ್ಕೆ ಇಪ್ಪತ್ತನ್ನೂ ಮೀರಲಿಲ್ಲ. ಉಳಿದವೆಲ್ಲ ತೀರ ಸಾಧಾರಣವಾದ ಮಾತುಗಳನ್ನು ಹಿಂಬಾಲಿಸಿ ಬಂದವು. ಒಬ್ಬಂಟಿಯಾಗಿರುವಾಗಿನದಕ್ಕಿಂತ ಜೊತೆಗಾರರೊಂದಿಗೆ ಇರುವಾಗ ಮನುಷ್ಯನು ಮೂವತ್ತು ಪಟ್ಟು ಹೆಚ್ಚು ನಗುತ್ತಾನೆಂದೂ ಅವರು ಕಂಡುಕೊಂಡರು. ಫ್ರಾನ್ಸಿನ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿಯೇ ನಗುವೆಂಬುದು ಗುಂಪಿನ ಸೊತ್ತು ಎಂದು ವಾದಿಸಿದ್ದರು. ಹಾಗಾದರೆ ಯಾವ ವಯಸ್ಸಿನಲ್ಲಿ ನಗು ಹೆಚ್ಚು ಎಂಬ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆಯಿದೆ: ಯಾವ ವಯಸ್ಸಿನಲ್ಲಿ ನಮಗೆ ಸರಿಸಮಾನರ ಜೊತೆ ಸಿಗುತ್ತದೆ, ಅವರೊಡನೆ ನಿಯಮ ಮುರಿಯುವ ಸಲಿಗೆ ಸಿಗುತ್ತದೆ?

ಮಗುವಿಗೆ ಎರಡೂ ಇವೆ. ತಾಯಿ ಸೆರಗಿನಲ್ಲಿ ಮುಖ ಮರೆಸಿ ಮತ್ತೆ ತೋರಿದರೆ ಕೂಸು ಕೇಕೆ ಹಾಕುತ್ತದೆ, ಏಕೆಂದರೆ ಮರೆಯಾದದ್ದು ಇಲ್ಲವಾಗಿಲ್ಲ ಎಂಬ ನಿಯಮವನ್ನು ಅದು ಈಗಷ್ಟೇ ಕಲಿಯುತ್ತಿದೆ. ಏಳೆಂಟು ವರ್ಷದ ಮಕ್ಕಳು ಒಗಟಿನ ಹುಚ್ಚಿಗೆ ಬೀಳುವುದೂ ಇದೇ ಕಾರಣಕ್ಕೆ: ಒಂದು ಮಾತಿಗೆ ಎರಡು ಅರ್ಥವಿರಬಹುದೆಂಬುದು ಆಗ ಅವರಿಗೆ ಹೊಚ್ಚ ಹೊಸ ಸಂಗತಿ. ಕಲಿತ ನಿಯಮ ಹಸಿಯಾಗಿರುವಾಗಲೇ ಅದು ಮುರಿದದ್ದನ್ನು ನೋಡುವ ಸುಖ ದೊಡ್ಡದು.

ನಿಮ್ಮ ಪ್ರಾಯದ ನಗು ಇನ್ನೂ ಜಟಿಲವಾದದ್ದು. ಅದರಲ್ಲಿ ಸಂತೋಷದೊಡನೆ ಭಯವೂ ಬೆರೆತಿರುತ್ತದೆ. 1962ರ ಜನವರಿಯಲ್ಲಿ, ಇಂದಿನ ತಾಂಜಾನಿಯಾದ ಕಶಾಶಾ ಎಂಬ ಊರಿನ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಮೂವರು ಹುಡುಗಿಯರಿಂದ ಆರಂಭವಾದ ನಗು 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಹಬ್ಬಿತು. ತಡೆಯಲಾಗದೆ ಮಾರ್ಚಿಯಲ್ಲಿ ಶಾಲೆಯನ್ನೇ ಮುಚ್ಚಬೇಕಾಯಿತು. ಅದು ಆನಂದದ ನಗುವಾಗಿರಲಿಲ್ಲ. ಕಟ್ಟುಪಾಡಿನ ಒತ್ತಡಕ್ಕೆ ಸಿಕ್ಕ ಎಳೆಯ ಮನಸ್ಸುಗಳು ನಗುವಾಗಿಯೂ ಅಳುವಾಗಿಯೂ ಒಡೆದು ಹೊರಬಂದ ರೀತಿಯದು ಎಂದು ವಿದ್ವಾಂಸರು ವಿವರಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದೇ ಆವರಣದಲ್ಲಿದ್ದ ಅಧ್ಯಾಪಕರಲ್ಲಿ ಒಬ್ಬರಿಗೂ ಅದು ತಗುಲಲಿಲ್ಲ. ನಗು ಗೋಡೆಗಳನ್ನು ದಾಟಿತು, ವಯಸ್ಸನ್ನು ದಾಟಲಿಲ್ಲ.

ನಡುವಯಸ್ಸಿನವರಿಗೆ ನಗುವ ಶಕ್ತಿ ಉಡುಗಿದೆಯೆಂದಲ್ಲ. ಸರಿಸಮಾನರ ಗುಂಪು ಚದುರಿರುತ್ತದೆ. ಕಚೇರಿಯಲ್ಲಿ ಅವರು ಮೇಲಧಿಕಾರಿಯ ಹಳಸಲು ವಿನೋದಕ್ಕೆ ಕಂದಾಯ ಕಟ್ಟಿದಂತೆ ನಗುತ್ತಾರೆ; ಮನೆಯಲ್ಲಿ ಮಕ್ಕಳೆದುರು ಗತ್ತು ಕಾಯ್ದುಕೊಳ್ಳುತ್ತಾರೆ. ಮುಪ್ಪು ಬಂದಾಗ ಕಾಯ್ದುಕೊಳ್ಳುವ ಗತ್ತೂ ಇರುವುದಿಲ್ಲ, ಸಲಿಗೆಗೆ ಮೊಮ್ಮಕ್ಕಳೂ ಸಿಗುತ್ತಾರೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಕೆಲವು ನಂಟಸ್ತಿಕೆಗಳಲ್ಲಿ ಚೇಷ್ಟೆ ಮಾಡುವುದು ಹಕ್ಕೂ ಹೌದು ಕರ್ತವ್ಯವೂ ಹೌದು ಎಂದು ತೋರಿಸಿದರು. ಅಜ್ಜ-ಮೊಮ್ಮಕ್ಕಳ ನಂಟು ಅಂಥವುಗಳಲ್ಲೊಂದು. ನಮ್ಮ ಹಳ್ಳಿಗಳಲ್ಲಿ ಅಜ್ಜನು ಮೊಮ್ಮಗಳಿಗೆ “ನನ್ನ ಲಗ್ನಾ ಆಗ್ತೀ ಏನವಾ?” ಎಂದು ಕೇಳಿ ಬೈಸಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡುವಯಸ್ಸಿನ ಬರವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಅದಕ್ಕಾಗಿ ಬಾವಿಗಳನ್ನೂ ತೋಡಿಟ್ಟಿದ್ದರು. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಹೀಯಾಳಿಸಿ ನಗುವವರು ನಲವತ್ತು ದಾಟಿದ ಗೃಹಿಣಿಯರು. ಹೋಳಿಯ ರಾತ್ರಿ ಬೊಬ್ಬೆ ಹಾಕುವವರಲ್ಲಿ ಮೀಸೆ ನರೆತವರೂ ಇರುತ್ತಿದ್ದರು. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ಗೊಲ್ಲತಿಯೊಡನೆ ಸವಾಲು ಜವಾಬು ನಡೆಸಿದಾಗ, ಮರಾಠಿ ತಮಾಷೆಯಲ್ಲಿ ಗವಳಣಿಯರ ಜೊತೆಗೆ ಬಂದ ‘ಮಾವಶಿ’ ಸೊಂಟದ ಮೇಲೆ ಕೈಯಿಟ್ಟು ನಿಂತಾಗ, ಇಡೀ ಊರೇ ವಯಸ್ಸು ಮರೆತು ನಗುತ್ತಿತ್ತು. ಬಾವಿಗಳು ಹೂಳು ತುಂಬಿದ ಮೇಲೆ ಒಣಗುವುದೇ ವಯಸ್ಸಿನ ಧರ್ಮವೆಂದು ನಾವು ತಿಳಿದುಕೊಂಡೆವು.

ಇನ್ನು ಕೆಲವರಿಗಂತೂ ನಗುವ ವಯಸ್ಸಿನಲ್ಲಿಯೇ ನಗುವುದಕ್ಕೆ ಅಪ್ಪಣೆಯಿಲ್ಲ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂಬ ಗಾದೆಯೊಂದಿದೆ. ಗಾದೆಗಳನ್ನೆಲ್ಲ ವೇದಕ್ಕೆ ಸಮವೆಂದು ಒಪ್ಪಬೇಕಾಗಿಲ್ಲ. ಹದಿನೆಂಟರ ಹುಡುಗಿಗೆ ಬಾಯಿಗೆ ಸೆರಗು ಅಡ್ಡ ಹಿಡಿಯಲು ಕಲಿಸುವ ಸಮಾಜವು ಅವಳಿಂದ ಆಯುಷ್ಯದ ಅತ್ಯಂತ ಸಮೃದ್ಧವಾದ ಸುಗ್ಗಿಯೊಂದನ್ನು ಕಸಿದುಕೊಳ್ಳುತ್ತದೆ. ನಮ್ಮ ವಿಭಾಗದಲ್ಲಿ ವಿದ್ಯಾರ್ಥಿನಿಯರೇ ಹೆಚ್ಚಾಗಿರುವುದರಿಂದ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಈಗ ಭಾಷೆಯ ವಿಷಯ. ಗಡಿಯ ಈಚೆ ಬದಿಯಲ್ಲಿರುವ ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಎಂದು ಬದುಕುವವರು. ನೀವು ತರಗತಿಯಲ್ಲಿ ಗಂಭೀರವಾಗಿ ಕನ್ನಡದಲ್ಲಿ ಉತ್ತರಿಸುತ್ತೀರಿ. ಗಂಟೆ ಹೊಡೆದು ಪಡಸಾಲೆಗೆ ಬಂದೊಡನೆ ಮರಾಠಿಯಲ್ಲಿ ನಗುತ್ತೀರಿ. ಮರಾಠಿಯ ಬಗ್ಗೆ ನನಗೆ ಲೇಶವೂ ಅಸಮಾಧಾನವಿಲ್ಲ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತವನು ನಾನು. 1965ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಪು.ಲ. ದೇಶಪಾಂಡೆಯವರ ‘ವ್ಯಕ್ತೀ ಆಣಿ ವಲ್ಲೀ’ಯನ್ನು ಓದಿ ನಕ್ಕವನು. ನನ್ನ ಆತಂಕವೇ ಬೇರೆ. ಉತ್ತರಪತ್ರಿಕೆಗೆ, ಸ್ವಾಗತ ಭಾಷಣಕ್ಕೆ, ಶ್ರದ್ಧಾಂಜಲಿಗೆ ಮಾತ್ರ ಒದಗುವ ಭಾಷೆಯು ಪದವಿಯೊಡನೆಯೇ ಮುಗಿದುಹೋಗುತ್ತದೆ. ಯಾವ ಭಾಷೆಯಲ್ಲಿ ಗೆಳೆಯರೊಡನೆ ಪಕ್ಕೆ ಹಿಡಿದುಕೊಂಡು ನಕ್ಕಿರುತ್ತೇವೆಯೋ ಆ ಭಾಷೆಯೇ ಐವತ್ತರಲ್ಲಿಯೂ ಬಾಯಿಗೆ ಬರುತ್ತದೆ, ಎಪ್ಪತ್ತರಲ್ಲಿ ಮೊಮ್ಮಕ್ಕಳಿಗೆ ದಾಟುತ್ತದೆ.

ಈ ವಿಷಯದಲ್ಲಿ ಗಡಿಯವರಿಗೆ ಒಂದು ವಿಶೇಷ ಸಿರಿಯಿದೆ. ಕನ್ನಡದ ಅಧ್ಯಾಪಕರು “ಮಕ್ಕಳೇ, ಕೇಳಿ” ಎಂದರೆ ಮರಾಠಿ ಕಿವಿಗೆ ಬಾಳೆಹಣ್ಣು ಕೇಳಿಸುತ್ತದೆ. “ಹಾಡು, ಹಾಡು” ಎಂದು ಕೂಸನ್ನು ಹುರಿದುಂಬಿಸಿದರೆ ಮರಾಠಿಯ ನೆರೆಯವರಿಗೆ ನಾಯಿಯನ್ನು ಅಟ್ಟಿದಂತೆ ಕೇಳಿಸುತ್ತದೆ. ಬೆಂಗಳೂರು, ಮೈಸೂರಿನ ವಿದ್ಯಾರ್ಥಿಗೆ ಈ ಸುಖ ದುರ್ಲಭ. ಶ್ಲೇಷೆಯನ್ನು ನೀವು ಅಲಂಕಾರವೆಂದು ಕಂಠಪಾಠ ಮಾಡುತ್ತೀರಿ. ಆದರೆ ಅದರಲ್ಲಿಯೇ ನೀವು ಹುಟ್ಟಿ ಬೆಳೆದಿದ್ದೀರಿ.

ಆದ್ದರಿಂದ ನನ್ನದೊಂದು ಸಲಹೆ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ, ಕನ್ನಡದಲ್ಲಿ ನಗೆಗೆಂದೇ ಮಾಸಪತ್ರಿಕೆಯೊಂದು ಇಪ್ಪತ್ತೈದು ವರುಷ ಬಾಳಬಲ್ಲದೆಂದು ತೋರಿಸಿಕೊಟ್ಟರು. ನಮಗೆ ಅಷ್ಟು ದೊಡ್ಡ ಸಾಹಸ ಬೇಡ. ವಿಭಾಗದ ಭಿತ್ತಿಪತ್ರಿಕೆಯ ಒಂದು ಅಂಕಣ ಸಾಕು. ದೀಪಾವಳಿ ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ಅಜ್ಜ ಅಜ್ಜಿಯರಿಂದ ಒಂದು ಒಗಟು, ಒಂದು ಬೀಗರ ಹಾಡು, ಎರಡು ಭಾಷೆ ಡಿಕ್ಕಿ ಹೊಡೆದ ಒಂದು ಪ್ರಸಂಗ ಬರೆದುಕೊಂಡು ಬನ್ನಿರಿ. ಹೇಳುವವರ ಮಾತನ್ನು ತಿದ್ದದೆ, ಅವರ ಆಡುನುಡಿಯಲ್ಲಿಯೇ ಬರೆಯಿರಿ. ಹೇಳುವಾಗ ಅವರು ನಕ್ಕರೆ ನೀವೂ ನಗಿರಿ. ಅತಿಹಸಿತವನ್ನು ಅಧಮರಿಗೆ ಹಂಚಿದ್ದಕ್ಕಾಗಿ ಭರತಮುನಿಯೇನೂ ಬೇಸರಿಸಲಾರನು.