ಅಗ್ಗದ ಜೋಡುನಳಿಗೆ: ಹಣ ಎಲ್ಲಿ ಉಳಿಯಿತು?

ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಅದನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಎಲ್ಲೋ ಬಿರುಕು. ಇಂಗ್ಲೆಂಡ್, ಅಮೆರಿಕಗಳಲ್ಲಿ ಜೋಡುನಳಿಗೆ ಕೋವಿ ಕೊಳ್ಳುವ ಅನುಭವಸ್ಥರು ಮಾಡುವುದೂ ಇದನ್ನೇ. ಕೋವಿ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಬಿಡಿಸಿ, ತೂಗುಬಿಟ್ಟು ಬೆರಳಿನಿಂದ ತಟ್ಟುತ್ತಾರೆ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಕೂಡಿಸಿದ ಬೆಸುಗೆ ಭದ್ರವಾಗಿದ್ದರೆ ಗಂಟೆಯಂತೆ ನಾದ ಎಳೆಯುತ್ತದೆ. ಬೆಸುಗೆ ಬಿಟ್ಟಿದ್ದರೆ ಒಡಕು ಸದ್ದು.

1814ರಲ್ಲಿ ಆರಂಭವಾದ ಲಂಡನ್ನಿನ ಪರ್ಡಿ ಸಂಸ್ಥೆಯ ಹೊಸ ಜೋಡುನಳಿಗೆಗೆ ಇಂದು ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಹೆಚ್ಚು ಬೆಲೆ. ಬ್ರೆಜಿಲಿನಿಂದಲೋ ಟರ್ಕಿಯಿಂದಲೋ ಅಮೆರಿಕಕ್ಕೆ ಆಮದಾಗುವ ಕೋವಿ ಅಲ್ಲಿ ಸಾವಿರ ಡಾಲರಿಗೂ ಕಡಿಮೆಗೆ ಸಿಗುವುದುಂಟು. ಎರಡೂ 12 ಬೋರಿನವೇ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಒಂದೊಂದರ ವ್ಯಾಸ ಸುಮಾರು 18.5 ಮಿಲಿಮೀಟರ್, ನಳಿಗೆಯ ಒಳಅಳತೆ ಅದೇ. (ಸೀಸದ ಸಾಂದ್ರತೆ ಗೊತ್ತಿರುವ ಹೈಸ್ಕೂಲು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.) ಎರಡರಲ್ಲೂ ಒಂದೇ ಬಗೆಯ ತೋಟಾ ಹಾರುತ್ತದೆ. ಹಾಗಾದರೆ ಅಗ್ಗದ ಕೋವಿಯಲ್ಲಿ ಉಳಿದ ಹಣ ಯಾವುದರದು?

ಬಹುಪಾಲು ಕೈಕೆಲಸದ್ದು. ಜೋಡುನಳಿಗೆಯ ಎರಡು ಕೊಳವೆಗಳು ಸಮಾನಾಂತರವಾಗಿರುತ್ತವೆಂದು ಕಣ್ಣಿಗೆ ಕಾಣುತ್ತದೆ, ಆದರೆ ಹಾಗಿಲ್ಲ. ಬಲ ನಳಿಗೆ ಸಿಡಿದಾಗ ನ್ಯೂಟನ್ನನ ಮೂರನೆಯ ನಿಯಮದಂತೆ ಕೋವಿ ಹಿಂದಕ್ಕೆ ಒದೆಯುತ್ತದೆ. ಆ ಒದೆತ ಹೆಗಲಿನ ನೇರಕ್ಕೆ ಬೀಳದೆ ತುಸು ಪಕ್ಕಕ್ಕೆ ಬೀಳುವುದರಿಂದ, ಚರೆ ನಳಿಗೆಯನ್ನು ಬಿಡುವ ಮೊದಲೇ ಕೋವಿ ಕೂದಲೆಳೆಯಷ್ಟು ಬಲಕ್ಕೆ ತಿರುಗಿರುತ್ತದೆ. ಇದನ್ನು ಸರಿದೂಗಿಸಲು ನಳಿಗೆಗಳ ಬಾಯಿಗಳನ್ನು ಒಳಮುಖವಾಗಿ ಕೂಡಿಸಬೇಕು. ದುಬಾರಿ ಕಾರ್ಖಾನೆಯಲ್ಲಿ ಇದಕ್ಕೆಂದೇ ನುರಿತ ಕೆಲಸಗಾರನಿರುತ್ತಾನೆ. ಹೊಡೆದು ನೋಡಿ, ತಿದ್ದಿ, ಮತ್ತೆ ಹೊಡೆದು ನೋಡುತ್ತಾನೆ. ಅಗ್ಗದ ಕಾರ್ಖಾನೆಯಲ್ಲಿ ಅಚ್ಚಿನ ಚೌಕಟ್ಟಿನಲ್ಲಿಟ್ಟು ಬೆಸೆದು ಮುಂದಕ್ಕೆ ಕಳಿಸುತ್ತಾರೆ. ಹೆಚ್ಚಿನವು ಸರಿಯಾಗಿಯೇ ಬರುತ್ತವೆ. ಬಾರದೆ ಇದ್ದದ್ದರಲ್ಲಿ ಒಂದು ನಳಿಗೆ ಗುರಿಗೆ ಹೊಡೆದರೆ ಇನ್ನೊಂದು ಪಕ್ಕದ ಬೇಲಿಗೆ.

ಇದನ್ನು ಪತ್ತೆ ಮಾಡಲು ಒಂದು ದೊಡ್ಡ ಕಾಗದ ಸಾಕು. ಗುರಿ ಅಭ್ಯಾಸದ ಮೈದಾನದಲ್ಲಿ 40 ಗಜ ದೂರಕ್ಕೆ ಕಾಗದ ಕಟ್ಟಿ ಪ್ರತಿ ನಳಿಗೆಯಿಂದಲೂ ಹಲವು ಸಲ ಹೊಡೆದು, ಚರೆ ದಟ್ಟವಾಗಿ ಬಿದ್ದ ಜಾಗದ ಸುತ್ತ 30 ಅಂಗುಲ ವ್ಯಾಸದ ವೃತ್ತ ಎಳೆದು ತೂತುಗಳನ್ನು ಎಣಿಸುತ್ತಾರೆ. ಇಂಗ್ಲಿಷ್ ಅಳತೆಯ 6ನೇ ನಂಬರಿನ ಚರೆ ಔನ್ಸಿಗೆ 270. ನಳಿಗೆಯ ಬಾಯಿ ಪೂರ್ತಿ ಬಿಗಿಯಾಗಿದ್ದರೆ, ಅಂದರೆ ಫುಲ್ ಚೋಕ್ ಇದ್ದರೆ, ಶೇಕಡಾ 70ರಷ್ಟು, ಎಂದರೆ 189ರ ಆಸುಪಾಸು, ವೃತ್ತದೊಳಗೆ ಬೀಳಬೇಕು. ಎರಡು ನಳಿಗೆಗಳ ವೃತ್ತಗಳೂ ಒಂದರ ಮೇಲೊಂದು ಕೂರಬೇಕು. ಮಾರಾಟಗಾರನ ಮಾತಿಗಿಂತ ಈ ಕಾಗದದ ಸಾಕ್ಷಿ ದೊಡ್ಡದು.

ಕೆತ್ತನೆಯ ಹೂಬಳ್ಳಿ ನೋಡಿ ಮರುಳಾಗುವವರೇ ಹೆಚ್ಚು. ಈಗ ಅದನ್ನು ಯಂತ್ರವೇ ಬಿಡಿಸುತ್ತದೆ. ರಷ್ಯದ ಇಝೆವ್‌ಸ್ಕ್ ಪಟ್ಟಣದ ಬೈಕಲ್ ಕೋವಿ ಈ ವಿಷಯದಲ್ಲಿ ಪ್ರಾಮಾಣಿಕ: ಭಾರ, ಒರಟು, ಟ್ರಿಗರ್ ಗಡಸು. ಆದರೆ ನಳಿಗೆಯ ಒಳಗೆ ಕ್ರೋಮ್ ಲೇಪನ, ಮೈಯೆಲ್ಲ ಕಸುವು. ಬ್ರಿಟನ್ನಿನ ರೈತರು ಅದನ್ನು ಗುದ್ದಲಿಯಂತೆ ಬಳಸಿದರು. ಟರ್ಕಿಯ ಕೋನ್ಯಾ ಪ್ರಾಂತದ ಹೂಗ್ಲು ಎಂಬ ಊರಿನಲ್ಲಿ 1962ರಿಂದ ಕೋವಿ ತಯಾರಕರ ಸಹಕಾರ ಸಂಘವಿದೆ. ಅಲ್ಲಿನ ವಾಲ್ನಟ್ ಮರದ ಕೆಲಸ ಕಣ್ಣಿಗೆ ಹಬ್ಬ. ಸ್ಪೇನಿನ ಐಬಾರ್ ಊರು ಲಂಡನ್ ಮಾದರಿಗಳನ್ನೇ ಮುಂದಿಟ್ಟುಕೊಂಡು ಬೆಲೆಯ ಸಣ್ಣ ಪಾಲಿಗೆ ಒಳ್ಳೆಯ ಕೋವಿ ಮಾಡಿ ಹೆಸರಾಯಿತು. ಆದರೂ ಊರಿನ ಹೆಸರು ನೋಡಿ ಕೊಳ್ಳುವಂತಿಲ್ಲ; ಕೈಗೆ ಬಂದ ಆ ಒಂದು ಕೋವಿಯನ್ನೇ ಪರೀಕ್ಷಿಸಬೇಕು.

ಸುರಕ್ಷತೆಯ ಮಾತು ಬೇರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲೇ ಕಾಯಿದೆಯ ಮೂಲಕ ಪರೀಕ್ಷಾಗೃಹ ಸ್ಥಾಪನೆಯಾಯಿತು. ಐಬಾರ್‌ನಲ್ಲೂ ಅಂಥದೊಂದು ಇದೆ. ಸಾಮಾನ್ಯಕ್ಕಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ತಾಳಿಕೊಂಡ ಕೋವಿಗೆ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಇಂಥ ಸರಕಾರಿ ಮುದ್ರೆಯ ಕಡ್ಡಾಯವಿಲ್ಲ, ತಯಾರಕರೇ ಪರೀಕ್ಷಿಸಿಕೊಳ್ಳುತ್ತಾರೆ. ಮುದ್ರೆ ಇದ್ದರೆ ಕೋವಿ ಅಂದು ಸಿಡಿಯಲಿಲ್ಲ ಎಂದಷ್ಟೇ ಅರ್ಥ. ಹತ್ತು ವರ್ಷ ಬಾಳುತ್ತದೆಂದು ಅಲ್ಲ.

ಬಾಳಿಕೆಗೆ ಬಿಡಿಭಾಗವೂ ಬೇಕು. 2014ರಲ್ಲಿ ಅಮೆರಿಕ ಕಲಾಶ್ನಿಕೋವ್ ಸಂಸ್ಥೆಯ ಮೇಲೆ ದಿಗ್ಬಂಧನ ಹೇರಿದ ಮೇಲೆ ಬೈಕಲ್ ಕೋವಿಗಳ ಆಮದು ಅಲ್ಲಿ ನಿಂತಿತು. ಒಂದು ಸ್ಪ್ರಿಂಗ್ ಮುರಿದರೂ ಹುಡುಕಾಟ. ಕೊಂಡ ದಿನ ಉಳಿಸಿದ ಹಣ ಹೀಗೂ ಕರಗುತ್ತದೆ.

ಹಳೆಯ ಕೋವಿಗಳಲ್ಲಿ ಮುದ್ರೆಯ ಪಕ್ಕದ ಅಂಕಿಯನ್ನು ಓದುವುದು ಇನ್ನೂ ಮುಖ್ಯ. ಈ ಮಾತು ನಮ್ಮ ಕೊಡಗಿಗೂ ತಾಗುತ್ತದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್ ಮುಹೂರ್ತದಂದು ಕೋವಿಗಳಿಗೆ ಹೂ ಮುಡಿಸಿ ಪೂಜಿಸುತ್ತಾರೆ. ತಾತನ ಕಾಲದ ಇಂಗ್ಲಿಷ್ ಕೋವಿ ಮನೆಯಲ್ಲಿದ್ದರೆ ಅದರ ತೋಟಾಕೋಣೆ ಎರಡೂವರೆ ಅಂಗುಲದ್ದಿರಬಹುದು. ಇಂದು ಸಾಮಾನ್ಯವಾದ ಎರಡೂಮುಕ್ಕಾಲು ಅಂಗುಲದ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ. ಏಕೆಂದರೆ ಮಡಿಸಿದ ಬಾಯಿ ಬಿಚ್ಚಿಕೊಳ್ಳುವುದು ಹಾರಿದಾಗಲೇ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ, ಹಳೆಯ ನಳಿಗೆ ಒಡೆಯಲೂಬಹುದು. ಒಡೆಯುವುದು ಗುಂಡು ಹಾರಿಸುವವರ ಎಡಗೈ ಇರುವ ಕಡೆ. ಅಂಥ ಕೋವಿಯನ್ನು ಗೋಡೆಯಿಂದ ಇಳಿಸಿ ತೋಟಾ ತುಂಬುವ ಮೊದಲು, ಪರವಾನಗಿ ಇರುವ ದುರಸ್ತಿಗಾರರಿಂದ ತೋಟಾಕೋಣೆಯನ್ನು ಅಳೆಯಿಸಬೇಕು.