ಬೇಡವೆಂದ ಕ್ಷಮೆ

ಅಡಿಗೆಮನೆಯ ಡಬ್ಬಿಯಲ್ಲಿದ್ದ ಚಕ್ಕುಲಿ ಕಡಿಮೆಯಾಗಿದೆ. ತಾಯಿ ಮಗನನ್ನು ಕರೆದು, ‘ನಿಜ ಹೇಳಿಬಿಡು, ಹೊಡೆಯುವುದಿಲ್ಲ’ ಎನ್ನುತ್ತಾಳೆ. ‘ನಾನು ತಪ್ಪೇ ಮಾಡಿಲ್ಲವಲ್ಲ ಅಮ್ಮಾ, ನೀನು ಕ್ಷಮಿಸುವುದು ಏನನ್ನು?’ ಎಂದು ಮಗ ಕೇಳಿದರೆ ಆಕೆಯ ಬಳಿ ಉತ್ತರವಿರುವುದಿಲ್ಲ. ನಮ್ಮೆಲ್ಲರ ಮನೆಗಳಲ್ಲಿ ನಡೆಯುವ ಈ ಸಣ್ಣ ವ್ಯಾಜ್ಯವೇ ಒಮ್ಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತ್ತೆಂದರೆ ಓದುಗ ಬಂಧುಗಳು ಅಚ್ಚರಿಪಡಬಹುದು.

ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲಾತ್ಕರಿಸಬಾರದೆಂಬುದು ಆ ದೇಶದ ಸಂವಿಧಾನದ ಐದನೆಯ ತಿದ್ದುಪಡಿಯ ವಾಗ್ದಾನ. ನಮ್ಮ ಸಂವಿಧಾನದ 20ನೆಯ ಅನುಚ್ಛೇದದ 3ನೆಯ ಖಂಡವೂ ಆಪಾದಿತನಿಗೆ ಇಂತಹುದೇ ರಕ್ಷೆಯನ್ನಿತ್ತಿದೆ. ಮೌನದ ಈ ಹಕ್ಕಿಗೆ ಶಿಕ್ಷೆಯ ಭಯವೇ ಆಧಾರ. ಭಯ ತೊಲಗಿದರೆ ಹಕ್ಕೂ ತೊಲಗುತ್ತದೆ. ಶಾಸನವೇ ಪೂರ್ಣ ಅಭಯವನ್ನಿತ್ತ ಬಳಿಕ ಸಾಕ್ಷಿಯು ಬಾಯಿ ತೆರೆಯಲೇಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ತೀರ್ಪಿತ್ತಿತು. ಹಾಗಾದರೆ ಅಧ್ಯಕ್ಷರ ಕ್ಷಮಾದಾನಕ್ಕೂ ಅದೇ ಬಲವುಂಟೆ?

ಈ ಪ್ರಶ್ನೆಯನ್ನೆತ್ತಿದವರು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯ ನಗರ ಸಂಪಾದಕ ಜಾರ್ಜ್ ಬರ್ಡಿಕ್. ಸುಂಕದ ವಂಚನೆಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಕೊಟ್ಟವರು ಯಾರೆಂದು ಗ್ರಾಂಡ್ ಜ್ಯೂರಿ ಅವರನ್ನು ಕೇಳಿತು. ಉತ್ತರಿಸಿದರೆ ಅಪರಾಧ ತನ್ನ ಮೇಲೆಯೇ ಬಂದೀತೆಂದು ಅವರು ಮೌನ ತಾಳಿದರು. ಆಗ ಅಧ್ಯಕ್ಷ ವುಡ್ರೋ ವಿಲ್ಸನ್, ಆ ಸುದ್ದಿಯ ಸಂಬಂಧದಲ್ಲಿ ಬರ್ಡಿಕ್ ಮಾಡಿರಬಹುದಾದ ಅಪರಾಧಗಳನ್ನೆಲ್ಲ ಮನ್ನಿಸಿ 1914ರ ಫೆಬ್ರವರಿಯಲ್ಲಿ ಕ್ಷಮಾಪತ್ರವನ್ನು ಹೊರಡಿಸಿದರು. ಬರ್ಡಿಕ್ ಅದನ್ನು ಸ್ವೀಕರಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಕೆಳ ನ್ಯಾಯಾಲಯವು 500 ಡಾಲರ್ ದಂಡ ವಿಧಿಸಿ, ಮತ್ತೂ ಉತ್ತರಿಸದಿದ್ದರೆ ಸೆರೆಮನೆಯೆಂದು ಎಚ್ಚರಿಸಿತು.

1915ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. ಕ್ಷಮೆಯನ್ನು ನೀಡುವುದು ಅಧ್ಯಕ್ಷರ ಅಧಿಕಾರವಾದರೆ, ಅದನ್ನು ನಿರಾಕರಿಸುವುದು ಪಡೆಯುವವನ ಸ್ವಾತಂತ್ರ್ಯ. ಕ್ಷಮೆಯ ಬೆನ್ನಿಗೇ ತಪ್ಪಿನ ಕಳಂಕವೂ ಬರುತ್ತದೆ. ಒಪ್ಪಿಕೊಂಡವನು ತಪ್ಪನ್ನೇ ಒಪ್ಪಿಕೊಂಡಂತೆ. ಶಾಸನದ ಅಭಯಕ್ಕೆ ಆ ಕಳಂಕವಿಲ್ಲ. ನಿರಾಕರಿಸಿದ ಕ್ಷಮೆ ಮೌನದ ಹಕ್ಕನ್ನು ಕಿತ್ತುಕೊಳ್ಳಲಾರದು ಎಂಬುದು ತೀರ್ಪಿನ ಸಾರ.

ಒಪ್ಪಿಕೊಂಡವನ ಪಾಡು ಬೇರೆ. ಕ್ಷಮೆ ಪಡೆದ ಅಪರಾಧದ ಮಟ್ಟಿಗೆ ಅವನಿಗೆ ಶಿಕ್ಷೆಯ ಭಯವಿಲ್ಲ. ಆದ್ದರಿಂದ ಮೌನದ ನೆಪವೂ ಇಲ್ಲ. ಆದರೆ ಅಧ್ಯಕ್ಷರ ಕ್ಷಮೆ ಒಕ್ಕೂಟದ ಕಾನೂನಿನ ಅಪರಾಧಗಳಿಗೆ ಮಾತ್ರ ಸಲ್ಲುತ್ತದೆ. ರಾಜ್ಯಗಳ ಕಾನೂನಿನ ಭಯ ಹಾಗೆಯೇ ಉಳಿಯಬಹುದು. ಒಂದು ಕಚೇರಿಯ ಮುದ್ರೆ ಇನ್ನೊಂದರಲ್ಲಿ ನಡೆಯದೆಂಬುದನ್ನು ಗಡಿಯಲ್ಲಿ ಬಾಳುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

1974ರಲ್ಲಿ ನಿಕ್ಸನ್ನರನ್ನು ಕ್ಷಮಿಸಿದ ಅಧ್ಯಕ್ಷ ಫೋರ್ಡ್, ಬರ್ಡಿಕ್ ತೀರ್ಪಿನ ಕೆಲವು ಸಾಲುಗಳನ್ನು ಅನಂತರ ತಮ್ಮ ಜೇಬಿನ ಪಾಕೀಟಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. 2025ರ ಜನವರಿ 20ರಂದು ಅಧಿಕಾರ ಬಿಡುವ ಮುನ್ನ ಕೆಲವರಿಗೆ ಮುಂಚಿತವಾಗಿಯೇ ಕ್ಷಮೆಯನ್ನಿತ್ತ ಬೈಡನ್, ಇದನ್ನು ಸ್ವೀಕರಿಸುವುದು ತಪ್ಪೊಪ್ಪಿಗೆಯೆಂದು ಯಾರೂ ಭಾವಿಸಬಾರದೆಂದು ಹೇಳಬೇಕಾಯಿತು. ನೂರು ವರ್ಷ ಕಳೆದರೂ ಕಳಂಕದ ಅಂಜಿಕೆ ಕಳೆದಿಲ್ಲ.

ನಮ್ಮಲ್ಲಿ ‘ಮಾಫಿ ಸಾಕ್ಷಿ’ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಗಂಭೀರ ಅಪರಾಧದಲ್ಲಿ ಭಾಗಿಯಾದವನಿಗೆ, ತನಗೆ ತಿಳಿದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕೆಂಬ ಷರತ್ತಿನ ಮೇಲೆ ನ್ಯಾಯಾಲಯವೇ ಕ್ಷಮೆ ನೀಡಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 306ನೆಯ ಕಲಮಿನಲ್ಲಿದ್ದ ಈ ಏರ್ಪಾಡು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 343ನೆಯ ಕಲಮಿನಲ್ಲಿದೆ. ಇಲ್ಲಿಯೂ ಕ್ಷಮೆಯನ್ನು ಅವನು ಒಪ್ಪಬೇಕು. ಒಪ್ಪಿದ ಮೇಲೆ ಬೇಕೆಂದೇ ಸತ್ಯವನ್ನು ಮರೆಮಾಚಿದರೆ ಆ ಅಪರಾಧಕ್ಕಾಗಿ ಅವನ ವಿಚಾರಣೆಯೇ ನಡೆಯಬಹುದು. ಅವನಾಡಿದ ಮಾತು ಅವನಿಗೇ ಮುಳುವಾಗಬಹುದು.

ಆದುದರಿಂದ ಕ್ಷಮೆಯನ್ನು ಬರಿಯ ಕೊಡುಗೆಯೆಂದು ಎಣಿಸಲಾಗದು. ಅದು ಶಿಕ್ಷೆಯನ್ನು ಕಳೆಯುತ್ತದೆ, ಜೊತೆಗೆ ಮೌನವನ್ನೂ ಕೇಳುತ್ತದೆ. ಆ ವಿನಿಮಯಕ್ಕೆ ಒಪ್ಪುವುದೂ ಬಿಡುವುದೂ ಮನುಷ್ಯನ ಇಚ್ಛೆಗೆ ಸೇರಿದ್ದು. ದೊರೆಯ ಔದಾರ್ಯವೂ ಬಲಾತ್ಕಾರವಾಗಬಾರದು. ಮುಂದಿನ ಸಲ ಚಕ್ಕುಲಿಯ ವಿಚಾರಣೆ ನಡೆಸುವಾಗ ನಾವು ಹಿರಿಯರೂ ಇದನ್ನು ನೆನೆದರೆ ತಪ್ಪಿಲ್ಲ.